ಹಳೆ ಲಾರಿಯ ಹಿಂದಿನ ಆಕ್ಸಲ್: ಮುರಿದ ತುಂಡನ್ನು ಗುಜರಿಗೆ ಹಾಕುವ ಮೊದಲು

ಮಂಗಳೂರಿನ ಬೈಕಂಪಾಡಿಯ ಲಾರಿಯವರೂ ಉಡುಪಿಯ ಮಲ್ಪೆಯವರೂ ಕೇಳುವುದು ಒಂದೇ ಪ್ರಶ್ನೆ. "ಆಕ್ಸಲ್ ಕಟ್ ಆಯ್ತು, ಹೊಸದು ಹಾಕಿಸಿದೆ. ಐದಾರು ತಿಂಗಳಲ್ಲಿ ಅದೇ ಬದಿ ಮತ್ತೆ ಕಟ್. ಸಾಮಾನು ಡೂಪ್ಲಿಕೇಟಾ?" ಇನ್ನು ಕೆಲವರದ್ದು ಹೀಗೆ: "ಆಯಿಲ್ ಸೀಲ್ ಮೂರು ಸಲ ಬದಲಾಯಿಸಿದ್ರೂ ಡ್ರಮ್ಮಿಗೆ ಎಣ್ಣೆ ಬರ್ತದೆ, ಏನು ಮಾಡೋದು?"

ಡೂಪ್ಲಿಕೇಟ್ ಸಾಮಾನು ಇಲ್ಲ ಅಂತಲ್ಲ. ಆದರೆ ಅದೇ ಬದಿ, ಅದೇ ಜಾಗ, ಮತ್ತೆ ಮತ್ತೆ ಮುರಿಯುತ್ತದೆ ಅಂದರೆ ತಪ್ಪು ಆ ಸಾಮಾನಿನದ್ದಲ್ಲ. ಅದನ್ನು ಮುರಿದ ಕಾರಣ ಗಾಡಿಯಲ್ಲೇ ಉಳಿದಿದೆ. ಆ ಕಾರಣ ಹುಡುಕಿ, ಆಮೇಲೆ ಸಾಮಾನು ಹಾಕುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಇದು ಎರಡು ಆಕ್ಸಲ್‌ನ, ಹಿಂದೆ ನಾಲ್ಕು ಟಯರಿನ, ಲೀಫ್ ಪ್ಲೇಟ್ (ಪಟ್ಟಿ ಸ್ಪ್ರಿಂಗ್) ಮತ್ತು ಡ್ರಮ್ ಬ್ರೇಕ್ ಇರುವ ಹಳೆ ಲಾರಿಗಳಿಗೆ. ಜೀಪು, ಸಣ್ಣ ಪಿಕಪ್‌ಗಳ ಆಕ್ಸಲ್ ಹಲವು ಸಲ ಬೇರೆ ತರಹ ಇರುತ್ತದೆ. ಅದಕ್ಕೆ ಇದನ್ನು ಹಾಗೇ ಅನ್ವಯಿಸಬೇಡಿ.

ಮೊದಲು ಹೆಸರುಗಳು

ನಾವು ಸುಮ್ನೆ "ಆಕ್ಸಲ್" ಅಂತೇವೆ. ಅದರೊಳಗೆ ನಾಲ್ಕೈದು ಬೇರೆ ಬೇರೆ ಸಾಮಾನು ಇದೆ. ಅಂಗಡಿಯಲ್ಲಿ ಕೇಳುವಾಗ ಗೊಂದಲ ಆಗಬಾರದು ಅಲ್ವಾ?

ಒಂದು ಚಕ್ರದಿಂದ ಇನ್ನೊಂದು ಚಕ್ರದವರೆಗೆ ಅಡ್ಡಕ್ಕೆ ಇರುವ ದಪ್ಪ ಕಬ್ಬಿಣದ ಕೊಳವೆ ಹೌಸಿಂಗ್. ಗಾಡಿಯ ಭಾರ ಹೊರುವುದು ಇದೇ. ಹೌಸಿಂಗಿನ ಎರಡು ತುದಿಯಲ್ಲಿ ಬೇರಿಂಗ್ ಕೂರುವ ನಯವಾದ ಭಾಗ ಸ್ಪಿಂಡಲ್. ಸ್ಪಿಂಡಲ್ ಮೇಲೆ ಎರಡು ಬೇರಿಂಗ್, ಅವುಗಳ ಮೇಲೆ ಹಬ್, ಹಬ್ಬಿಗೆ ಡ್ರಮ್ ಮತ್ತು ಚಕ್ರ. ಎಣ್ಣೆ ಡ್ರಮ್ಮಿಗೆ ಬಾರದ ಹಾಗೆ ತಡೆಯುವ ರಬ್ಬರ್ ತುಟಿಯ ಬಳೆ ಆಯಿಲ್ ಸೀಲ್. ಹೌಸಿಂಗಿನ ನಡುವೆ ಇರುವ ಗೇರುಗಳ ಗೂಡು ಡಿಫರೆನ್ಶಿಯಲ್. ದೊಡ್ಡ ಹಲ್ಲಿನ ಚಕ್ರ ಕ್ರೌನ್, ಅದನ್ನು ತಿರುಗಿಸುವ ಸಣ್ಣದು ಪಿನಿಯನ್. ಕೊನೆಗೆ ಆಕ್ಸಲ್ ಶಾಫ್ಟ್. ಕೊಳವೆಯ ಒಳಗೆ ಹೋಗುವ ಉದ್ದ ಸಲಾಕೆ ಇದು. ಒಳತುದಿಯಲ್ಲಿ ಸ್ಪ್ಲೈನ್ ಅಂದರೆ ಉದ್ದುದ್ದ ಹಲ್ಲುಗಳು, ಹೊರತುದಿಯಲ್ಲಿ ತಟ್ಟೆಯಂಥ ಫ್ಲೇಂಜ್.

ಲಾರಿಯ ಈ ಶಾಫ್ಟನ್ನು ಫುಲ್ ಫ್ಲೋಟಿಂಗ್ ಅನ್ನುತ್ತಾರೆ. ಅಂದರೆ ಇದು ಭಾರ ಹೊರುವುದಿಲ್ಲ, ಬರೀ ತಿರುಗಿಸುತ್ತದೆ. ಶಾಫ್ಟ್ ಮುರಿದರೂ ಚಕ್ರ ಕಳಚಿ ಬೀಳುವುದಿಲ್ಲ. ಈ ಒಂದು ಮಾತು ನೆನಪಿಡಿ, ಮುಂದೆ ಇದರಿಂದಲೇ ಕಾರಣ ಗೊತ್ತಾಗುತ್ತದೆ.

ಏನೇನು ಬೇಕು

ಗಾಡಿಯ ತೂಕಕ್ಕೆ ತಕ್ಕ ಜ್ಯಾಕ್, ಎರಡು ಗಟ್ಟಿ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ಅಡೆ ನಾಲ್ಕು. ಹಬ್ ನಟ್ಟಿನ ಬಾಕ್ಸ್ ಸ್ಪ್ಯಾನರ್, ಟಾರ್ಕ್ ರೆಂಚ್, ಹಿತ್ತಾಳೆ ಅಥವಾ ತಾಮ್ರದ ಸುತ್ತಿಗೆ, ಉದ್ದದ ಗಟ್ಟಿ ಆಯಸ್ಕಾಂತ, ಅಳತೆ ಟೇಪು, ಚಾಕ್, ಚಿಮಿಣಿ ಎಣ್ಣೆ, ಒಣ ಬಟ್ಟೆ. ಡಯಲ್ ಗೇಜ್ ಅಂದರೆ ಕೂದಲೆಳೆಯಷ್ಟು ಅಲುಗಾಟವನ್ನೂ ತೋರಿಸುವ ಮುಳ್ಳಿನ ಮೀಟರು. ಅದನ್ನು ಬಾಡಿಗೆಗೆ ಅಥವಾ ಎರವಲು ತಂದರೂ ಸಾಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಸಿಕ್ಕರೆ ಅರ್ಧ ಕೆಲಸ ಸುಲಭ. ಟಾರ್ಕ್ ಅಂದರೆ ನಟ್ಟಿನ ಬಿಗಿ ಎಷ್ಟು, ಎಣ್ಣೆ ಎಷ್ಟು ಅನ್ನುವುದನ್ನು ಅದರಲ್ಲೇ ನೋಡಿ. ಒಂದು ಗಾಡಿಯ ಲೆಕ್ಕ ಇನ್ನೊಂದಕ್ಕೆ ಬರುವುದಿಲ್ಲ.

ಮೀನು ಲಾರಿ ಇಟ್ಟುಕೊಂಡವರಿಗೆ ಒಂದು ಸಲಹೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಆದರೆ ಮಾಡು ಇರುವ ಜಾಗದಲ್ಲೇ ಮಾಡಿ. ತೆರೆದ ಹಬ್ಬಿಗೆ ಆಟಿ ತಿಂಗಳ ಮಳೆ ಬಿದ್ದರೆ ಹೊಸ ಬೇರಿಂಗೂ ಹಾಳು.

1. ಗಾಡಿ ನಿಲ್ಲಿಸುವುದು

ಸಮತಟ್ಟಾದ ಸಿಮೆಂಟ್ ನೆಲ ಬೇಕು. ನಮ್ಮ ಕೆಂಪು ಮಣ್ಣು ಮಳೆಗಾಲದಲ್ಲಿ ಜ್ಯಾಕನ್ನು ನುಂಗುತ್ತದೆ. ಬೇರೆ ದಾರಿಯೇ ಇಲ್ಲ ಅಂದರೆ ದಪ್ಪ ಹಲಗೆ ಹಾಸಿ.

ಲೋಡ್ ಇಳಿಸಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಡಿ. ಹ್ಯಾಂಡ್ ಬ್ರೇಕ್ ನಂಬಬೇಡಿ. ಕೆಲವು ಹಳೆ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಗೇರ್‌ಬಾಕ್ಸ್‌ನ ಹಿಂದೆ. ಶಾಫ್ಟ್ ತೆಗೆದ ಕ್ಷಣವೇ ಅದಕ್ಕೂ ಚಕ್ರಕ್ಕೂ ಸಂಬಂಧ ಕಡಿದು ಹೋಗುತ್ತದೆ. ಗೇರಿಗೆ ಹಾಕಿ ನಿಲ್ಲಿಸಿದರೂ ಅದೇ ಕತೆ. ಇಳಿಜಾರಲ್ಲಿ ಇದ್ದರೆ ಗಾಡಿ ಹೊರಟೇ ಬಿಡುತ್ತದೆ.

ಜ್ಯಾಕ್ ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಹೌಸಿಂಗಿನ ಕೆಳಗೆ ಎರಡೂ ಬದಿ ಸ್ಟ್ಯಾಂಡ್ ಕೊಟ್ಟೇ ಕೆಳಗೆ ನುಗ್ಗಬೇಕು. ಮುರಕಲ್ಲು (ಕೆಂಪು ಕಲ್ಲು) ಪೇರಿಸಿ ನಿಲ್ಲಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಆ ಕಲ್ಲು ಒಂದೇ ಸಲಕ್ಕೆ ಒಡೆಯುತ್ತದೆ, ಮೊದಲೇ ಸೂಚನೆ ಕೊಡುವುದಿಲ್ಲ.

ಏರ್ ಬ್ರೇಕ್ ಗಾಡಿಯಾದರೆ ಇನ್ನೊಂದು ಎಚ್ಚರ. ಹಿಂದಿನ ಬ್ರೇಕ್ ಚೇಂಬರ್ ಡಬಲ್ ಇದ್ದರೆ ಅದರೊಳಗೆ ಒತ್ತಿ ಹಿಡಿದ ದೊಡ್ಡ ಸ್ಪ್ರಿಂಗ್ ಇದೆ. ಅದರ ಕ್ಲಾಂಪ್ ಬಿಚ್ಚಲೇ ಬಾರದು. ಬಿಚ್ಚಿದರೆ ಪ್ರಾಣಕ್ಕೇ ಅಪಾಯ.

ದಾರಿಯಲ್ಲಿ ಕಟ್ ಆಗಿ ಗಾಡಿಯನ್ನು ಎಳೆದು ತರುವುದಾದರೆ ಗೇರ್‌ಬಾಕ್ಸಿನಿಂದ ಡಿಫರೆನ್ಶಿಯಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಅಥವಾ ಎರಡೂ ಆಕ್ಸಲ್ ಶಾಫ್ಟ್ ತೆಗೆದು ಎಳೆಯಿರಿ. ಇಲ್ಲದಿದ್ದರೆ ಇಂಜಿನ್ ನಿಂತಿದ್ದರೂ ಗೇರ್‌ಬಾಕ್ಸ್‌ನ ಒಂದು ಭಾಗ ಎಣ್ಣೆ ಸಿಗದೆ ತಿರುಗುತ್ತಾ ಸುಡುತ್ತದೆ. ಶಾಫ್ಟ್ ತೆಗೆದ ಹಬ್ಬಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ.

2. ಬಿಚ್ಚುವ ಮೊದಲು ನೋಡುವುದು

ಈ ಹಂತವನ್ನೇ ಎಲ್ಲರೂ ಬಿಟ್ಟುಬಿಡುವುದು. ಬಿಚ್ಚಿದ ಮೇಲೆ ಕೆಲವು ಸುಳಿವು ಮತ್ತೆ ಸಿಗುವುದಿಲ್ಲ.

ಟೇಪು ಹಿಡಿಯಿರಿ. ಸ್ಟಿಯರಿಂಗ್ ನೇರ ಇಟ್ಟು, ಬಲಬದಿಯಲ್ಲಿ ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಅಳೆಯಿರಿ. ಎಡಬದಿಯಲ್ಲೂ ಅಷ್ಟೇ. ಎರಡಕ್ಕೂ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಆಕ್ಸಲ್ ಜಾಗ ಬಿಟ್ಟು ಸರಿದಿದೆ. ಲೀಫ್ ಪ್ಲೇಟಿನ ಸೆಂಟರ್ ಬೋಲ್ಟ್ ಕಟ್ ಆಗಿರಬಹುದು, ಪ್ಲೇಟನ್ನು ಹೌಸಿಂಗಿಗೆ ಬಿಗಿದು ಹಿಡಿಯುವ ಯು ಬೋಲ್ಟ್ ಸಡಿಲ ಇರಬಹುದು. ಗಾಡಿ ರಸ್ತೆಯಲ್ಲಿ ಅಡ್ಡಡ್ಡ ಹೋಗುತ್ತದೆ ಅಂತ ಹಿಂದೆ ಬರುವವರು ಹೇಳುವುದು ಇದಕ್ಕೇ.

ಯು ಬೋಲ್ಟಿನ ಬುಡ ನೋಡಿ. ಪ್ಲೇಟ್ ಮತ್ತು ಹೌಸಿಂಗ್ ಸೇರುವಲ್ಲಿ ಕೆಂಪು ಪುಡಿ ಇಳಿದಿದ್ದರೆ ಅಲ್ಲಿ ಉಜ್ಜಾಟ ಆಗ್ತಾ ಇದೆ. ಮೀನು ಲಾರಿಗಳಲ್ಲಿ ಐಸಿನ ಉಪ್ಪು ನೀರು ಬಾಡಿಯಿಂದ ಸೋರಿ ಬೀಳುವುದು ನೇರ ಇಲ್ಲಿಗೇ. ಹೊರಗೆ ಚೆನ್ನಾಗಿ ಕಂಡರೂ ಪ್ಲೇಟಿನ ಕೆಳಗೆ ಬೋಲ್ಟು ಸವೆದು ಪೆನ್ಸಿಲ್ಲಿನ ಹಾಗೆ ಆಗಿರುತ್ತದೆ.

ಆಮೇಲೆ ಬ್ರೀದರ್. ಹೌಸಿಂಗಿನ ಮೇಲ್ಭಾಗದಲ್ಲಿ ಒಂದು ಸಣ್ಣ ಟೋಪಿಯಂಥ ಸಾಮಾನು ಇರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಗೆ ಹೋಗಲು ಇರುವ ದಾರಿ ಅದು. ಮಣ್ಣು, ತುಕ್ಕು ಸೇರಿ ಅದು ಕಟ್ಟಿಕೊಂಡರೆ ಗಾಳಿ ಬೇರೆ ದಾರಿ ಹುಡುಕುತ್ತದೆ. ಸಿಗುವ ದಾರಿ ಆಯಿಲ್ ಸೀಲ್. ಮೂರು ಸಲ ಸೀಲ್ ಬದಲಾಯಿಸಿದ ಒಬ್ಬರ ಗಾಡಿಯಲ್ಲಿ ನಾನು ಮಾಡಿದ್ದು ಇಷ್ಟೇ: ಬ್ರೀದರ್ ಬಿಚ್ಚಿ ಚಿಮಿಣಿ ಎಣ್ಣೆಯಲ್ಲಿ ತೊಳೆದೆ, ನಾಲ್ಕನೇ ಸೀಲ್ ಹಾಕಿದೆ. ಆಮೇಲೆ ಸೋರಲಿಲ್ಲ.

ಬ್ರೀದರ್ ಕಟ್ಟಿದರೆ ಇನ್ನೊಂದು ತೊಂದರೆಯೂ ಇದೆ. ಘಾಟಿ ಇಳಿದು ಬಂದ ಬಿಸಿ ಹೌಸಿಂಗ್ ನೀರು ನಿಂತ ರಸ್ತೆಗೆ ಇಳಿದರೆ ಒಮ್ಮೆಲೇ ತಣಿಯುತ್ತದೆ. ಒಳಗಿನ ಗಾಳಿ ಕುಗ್ಗಿ, ಸೀಲಿನ ಮೂಲಕ ನೀರನ್ನು ಒಳಗೆ ಎಳೆಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಬ್ರೀದರನ್ನು ನಾವು ಬೇರೆ ಊರಿನವರಿಗಿಂತ ಜಾಸ್ತಿ ನೋಡಿಕೊಳ್ಳಬೇಕು.

ಶಬ್ದ ಹೇಗಿತ್ತು ಅಂತ ಡ್ರೈವರನ್ನೂ ಕೇಳಿ. ಎಳೆಯುವಾಗ ಮಾತ್ರ ಗುಂಯ್ ಅಂದರೆ ಅಥವಾ ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಅಂದರೆ ಕ್ರೌನ್ ಪಿನಿಯನ್ ಕಡೆ ಅನುಮಾನ. ತಿರುವಿನಲ್ಲಿ ಮಾತ್ರ ಶಬ್ದ ಅಂದರೆ ಡಿಫರೆನ್ಶಿಯಲ್ ಒಳಗಿನ ಸಣ್ಣ ಗೇರುಗಳು. ಯಾವಾಗಲೂ ಗೊರ ಗೊರ ಅಂದರೆ ಹಬ್ ಬೇರಿಂಗ್.

3. ಎಣ್ಣೆ ಇಳಿಸುವುದು

ಗಾಡಿ ಸ್ವಲ್ಪ ಬಿಸಿ ಇರುವಾಗ ಕೆಳಗಿನ ಪ್ಲಗ್ ಬಿಚ್ಚಿ, ಎಣ್ಣೆಯನ್ನು ಶುದ್ಧ ಬಾಣಲೆಗೆ ಇಳಿಸಿ. ಅದಕ್ಕೂ ಮೊದಲು ಮೇಲಿನ ಲೆವೆಲ್ ಪ್ಲಗ್ ಬಿಚ್ಚಿ ನೋಡಿ. ಅದು ಜಾಮ್ ಆಗಿದ್ದರೆ ಎಣ್ಣೆ ಇಳಿಸಿದ ಮೇಲೆ ತುಂಬಿಸುವುದು ಎಲ್ಲಿಂದ?

ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟು ಅಂಟಿದ್ದರೆ ಹೆದರಬೇಡಿ, ಅದು ಮಾಮೂಲಿ ಸವೆತ. ಚೂರು, ಚಕ್ಕೆ, ಹಲ್ಲಿನ ತುಂಡು ಇದ್ದರೆ ಡಿಫರೆನ್ಶಿಯಲ್ ಇಳಿಸಲೇಬೇಕು. ಎಣ್ಣೆ ಹಾಲು ಬೆರೆಸಿದ ಚಹಾದ ಹಾಗೆ ಇದ್ದರೆ ನೀರು ಸೇರಿದೆ. ಆ ಗಾಡಿಯ ಬೇರಿಂಗುಗಳನ್ನು ಒಂದೂ ಬಿಡದೆ ನೋಡಿ.

4. ಶಾಫ್ಟ್ ತೆಗೆಯುವುದು

ಚಕ್ರ ಬಿಚ್ಚದೆಯೇ ಶಾಫ್ಟ್ ತೆಗೆಯಬಹುದು. ಫ್ಲೇಂಜಿನ ನಟ್ಟುಗಳನ್ನು ಮೊದಲು ಸಡಿಲ ಮಾಡಿ. ಹಲವು ಗಾಡಿಗಳಲ್ಲಿ ನಟ್ಟಿನ ಕೆಳಗೆ ಸೀಳು ಇರುವ ಕೋನ್ ವಾಷರ್ ಕೂತಿರುತ್ತದೆ. ಅದು ಸುಲಭದಲ್ಲಿ ಬರುವುದಿಲ್ಲ. ಹಿತ್ತಾಳೆ ಸುತ್ತಿಗೆಯಿಂದ ಫ್ಲೇಂಜಿನ ನಡುವೆ ಒಂದೆರಡು ಪೆಟ್ಟು ಕೊಟ್ಟರೆ ಕೋನ್‌ಗಳು ಒಂದೊಂದಾಗಿ ಹಾರುತ್ತವೆ. ಹಾಗಾಗಿ ನಟ್ಟನ್ನು ಎರಡು ಸುತ್ತು ಉಳಿಸಿಯೇ ಹೊಡೆಯಿರಿ, ಮುಖ ಪಕ್ಕಕ್ಕೆ ಇಡಿ. ಕೆಲವದರಲ್ಲಿ ಫ್ಲೇಂಜಿಗೆ ಎರಡು ಥ್ರೆಡ್ ತೂತು ಇರುತ್ತದೆ. ಅದಕ್ಕೆ ಬೋಲ್ಟು ತಿರುಗಿಸಿದರೆ ಶಾಫ್ಟ್ ತಾನಾಗಿ ಹೊರಗೆ ಬರುತ್ತದೆ. ಉಳಿ ಹಾಕಿ ಎಬ್ಬಿಸಬೇಡಿ. ಹಬ್ಬಿನ ಮುಖ ಗಾಯವಾದರೆ ಮುಂದೆ ಎಷ್ಟು ಪ್ಯಾಕಿಂಗ್ ಹಾಕಿದರೂ ಸೋರುತ್ತದೆ.

ಶಾಫ್ಟ್ ಒಳಗೆ ಮುರಿದಿದ್ದರೆ ತುಂಡು ಒಳಗೇ ಸಿಕ್ಕಿಕೊಂಡಿರುತ್ತದೆ. ಮೊದಲು ಉದ್ದ ಕೋಲಿಗೆ ಆಯಸ್ಕಾಂತ ಕಟ್ಟಿ ಎಳೆಯಿರಿ. ಆಗದಿದ್ದರೆ ಗಟ್ಟಿ ತಂತಿಯ ಕುಣಿಕೆ. ಸ್ಪ್ಲೈನ್ ತಿರುಚಿ ಕಚ್ಚಿಕೊಂಡಿದ್ದರೆ ಈ ಎರಡಕ್ಕೂ ಬರುವುದಿಲ್ಲ, ಡಿಫರೆನ್ಶಿಯಲ್ ಇಳಿಸಬೇಕು. ಕೊಳವೆಯೊಳಗೆ ರಾಡ್ ತೂರಿಸಿ ವೆಲ್ಡಿಂಗ್ ಮಾಡಿ ಎಳೆಯುವ ಸಾಹಸ ಬೇಡ. ಒಳಗೆ ಎಣ್ಣೆಯ ಹಬೆ ಇದೆ, ಬೇರಿಂಗ್ ಇದೆ.

ತುಂಡು ಬಂದ ಮೇಲೆ ಎರಡನ್ನೂ ತಾಗಿಸದೆ ಎದುರು ಬದುರು ಹಿಡಿದು ನೋಡಿ. ನಡುವೆ ಚೂರು ಕಾಣೆಯಾಗಿದ್ದರೆ ಅದು ಒಳಗೇ ಇದೆ, ಇವತ್ತಲ್ಲ ನಾಳೆ ಕ್ರೌನಿನ ಹಲ್ಲಿಗೆ ಸಿಗುತ್ತದೆ.

5. ಮುರಿದ ಮುಖವನ್ನು ನೋಡುವುದು

ಇಲ್ಲಿ ಅವಸರ ಬೇಡ. ಮುರಿದ ತುದಿಯನ್ನು ಬ್ರಷ್‌ನಿಂದ ಉಜ್ಜಬೇಡಿ, ಎರಡು ತುಂಡನ್ನು ಒಂದಕ್ಕೊಂದು ತಾಗಿಸಿ ತಿಕ್ಕಬೇಡಿ. ಚಿಮಿಣಿ ಎಣ್ಣೆಯಲ್ಲಿ ಮೆಲ್ಲ ಅದ್ದಿ, ಒರೆಸಿ, ಬಿಸಿಲಿಗೆ ಹಿಡಿಯಿರಿ. ಕಬ್ಬಿಣ ಹೇಗೆ ಮುರಿಯಿತು ಅಂತ ಅದರ ಮೇಲೇ ಬರೆದಿರುತ್ತದೆ.

ಮುಖ ಪೂರ್ತಿ ಹೊಸದಾಗಿ, ಒಂದೇ ಬಣ್ಣದಲ್ಲಿ ಇದ್ದು, ಸ್ಪ್ಲೈನ್ ಹಗ್ಗ ಹೊಸೆದ ಹಾಗೆ ತಿರುಚಿದ್ದರೆ ಅದು ಒಂದೇ ಪೆಟ್ಟಿಗೆ ಹೋದದ್ದು. ಕೆಸರಲ್ಲಿ ಹೂತ ಲೋಡ್ ಗಾಡಿಯಲ್ಲಿ ಕ್ಲಚ್ ಒಮ್ಮೆಲೇ ಬಿಟ್ಟಿರುತ್ತಾರೆ, ಅಥವಾ ಗಾಳಿಯಲ್ಲಿ ತಿರುಗುತ್ತಿದ್ದ ಚಕ್ರ ಒಮ್ಮೆಗೇ ನೆಲ ಹಿಡಿದಿರುತ್ತದೆ. ಗಟ್ಟಿ ಮಾಡಿದ ಶಾಫ್ಟಾದರೆ ಓರೆಯಾಗಿ, ಸುರುಳಿಯಾಗಿಯೂ ಒಡೆಯಬಹುದು. ಇಲ್ಲಿ ಶಾಫ್ಟ್ ಬದಲಾಯಿಸಿ, ಡ್ರೈವರ್ ಹತ್ತಿರ ಮಾತಾಡಿದರೆ ಸಾಕು. ಆದರೆ ಇನ್ನೊಂದು ಬದಿಯ ಶಾಫ್ಟಿಗೂ ಅದೇ ಪೆಟ್ಟು ಬಿದ್ದಿದೆ. ಅದನ್ನೂ ತೆಗೆದು, ಉದ್ದಕ್ಕೆ ಚಾಕ್ ಗೆರೆ ಎಳೆದು, ಸ್ಪ್ಲೈನ್ ನೇರ ಇದೆಯಾ ನೋಡಿ.

ಮುಖದ ಒಂದು ಭಾಗ ನುಣ್ಣಗೆ, ಕಪ್ಪಾಗಿ ಅಥವಾ ತುಕ್ಕು ಹಿಡಿದು, ಉಳಿದದ್ದು ಒರಟಾಗಿ ಹೊಳೆಯುತ್ತಿದ್ದರೆ ಅದು ಬೇರೆ ಕತೆ. ನುಣ್ಣನೆ ಭಾಗವನ್ನು ಓರೆಯಾಗಿ ಹಿಡಿದು ನೋಡಿ. ಪಣಂಬೂರಿನ ತೀರದಲ್ಲಿ ಅಲೆ ಹಿಂದೆ ಸರಿದಾಗ ಹೊಯ್ಗೆ ಮೇಲೆ ಉಳಿಯುವ ಗೆರೆಗಳ ಹಾಗೆ ಬಿಲ್ಲಿನಾಕಾರದ ಗೆರೆಗಳು ಕಾಣುತ್ತವೆ. ಒಂದು ಬಿರುಕು ಬಹಳ ದಿನದಿಂದ ಸ್ವಲ್ಪ ಸ್ವಲ್ಪ ಬೆಳೆಯುತ್ತಾ ಬಂದು, ಉಳಿದ ಕಬ್ಬಿಣಕ್ಕೆ ತಡೆಯಲಾಗದೆ ಕೊನೆಗೆ ಕಡಿದಿದೆ. ಗೆರೆಗಳೆಲ್ಲ ಯಾವ ಮೂಲೆಯಿಂದ ಹೊರಟಿವೆಯೋ ಬಿರುಕು ಶುರುವಾದದ್ದು ಅಲ್ಲಿ. ಅಲ್ಲಿ ಹಳೆ ಉಳಿ ಪೆಟ್ಟು, ವೆಲ್ಡಿಂಗ್ ಚುಕ್ಕೆ, ತುಕ್ಕಿನ ಗುಳಿ ಏನಾದರೂ ಇದ್ದೀತು.

ಈಗ ಮುಖ್ಯ ವಿಷಯ. ಇಂಥ ಮುರಿತ ಫ್ಲೇಂಜಿನ ಹತ್ತಿರ, ಒಂದು ಬದಿಯಿಂದ ಶುರುವಾಗಿ ನೆಟ್ಟಗೆ ಅಡ್ಡಕ್ಕೆ ಹೋಗಿದ್ದರೆ ಆ ಶಾಫ್ಟ್ ಬಾಗುತ್ತಾ ಬಾಗುತ್ತಾ ಸತ್ತಿದೆ. ಆದರೆ ಈ ಶಾಫ್ಟ್ ಭಾರ ಹೊರುವುದಿಲ್ಲ ಅಂತ ಮೊದಲೇ ಹೇಳಿದೆನಲ್ಲ? ಹಾಗಿದ್ದ ಮೇಲೆ ಬಾಗಿದ್ದು ಯಾಕೆ? ಹಬ್ ಬೇರಿಂಗ್ ಸಡಿಲ ಇದೆ, ಅಥವಾ ಸ್ಪಿಂಡಲ್ ಸವೆದಿದೆ, ಅಥವಾ ಹೌಸಿಂಗೇ ಬೆಂಡಾಗಿದೆ. ಐದಾರು ತಿಂಗಳಿಗೊಮ್ಮೆ ಅದೇ ಬದಿ ಕಟ್ ಆಗುವ ಗಾಡಿಗಳಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ. ಇನ್ನೊಂದು ಹೊಸ ಶಾಫ್ಟ್ ಹಾಕಿದರೆ ಅದೂ ಹೋಗುತ್ತದೆ.

ಮುರಿದ ಶಾಫ್ಟಿಗೆ ವೆಲ್ಡಿಂಗ್ ಮಾಡಿ ಹಾಕಬಹುದಾ ಅಂತ ಕೇಳುವವರಿದ್ದಾರೆ. ಆಗದು. ಶಾಖ ಕೊಟ್ಟು ಗಟ್ಟಿ ಮಾಡಿದ ಉಕ್ಕು ಅದು, ವೆಲ್ಡಿಂಗ್ ಬಿಸಿಗೆ ಆ ಗುಣವೇ ಹೋಗುತ್ತದೆ. ಶಿರಾಡಿ ಘಾಟಿ ಹತ್ತುವಾಗ ಮತ್ತೆ ಕಟ್ ಆದರೆ ಗಾಡಿಗೆ ಎಳೆತವೂ ಇಲ್ಲ, ಇಂಜಿನ್ನಿನ ಹಿಡಿತವೂ ಇಲ್ಲ. ಹಿಂದೆ ಬರುವವರ ಗತಿ ಏನು?

6. ಹಬ್ಬು, ಬೇರಿಂಗ್, ಸ್ಪಿಂಡಲ್

ಚಕ್ರ ಬಿಚ್ಚುವಾಗ ನೆನಪಿಡಿ, ಕೆಲವು ಹಳೆ ಗಾಡಿಗಳಲ್ಲಿ ಎಡಬದಿಯ ನಟ್ಟು ಉಲ್ಟಾ ಥ್ರೆಡ್. ಉದ್ದ ಪೈಪ್ ಹಾಕಿ ಬಲ ಬಿಡುವ ಮೊದಲು ಸ್ಟಡ್ಡಿನ ಥ್ರೆಡ್ ನೋಡಿ.

ಡ್ರಮ್ಮಿನ ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಳೆ ಲೈನರಿನಲ್ಲಿ ಕಲ್ನಾರು ಅಂದರೆ ಆಸ್‌ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಲಾಕ್ ವಾಷರ್ ಬಿಡಿಸಿ, ಹೊರಗಿನ ನಟ್ಟು, ಒಳಗಿನ ನಟ್ಟು ಬಿಚ್ಚಿ ಹಬ್ ಎಳೆಯಿರಿ. ಬೇರಿಂಗುಗಳನ್ನು ಚಿಮಿಣಿ ಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಗಾಳಿ ಬಿಟ್ಟು ಗಿರ್ ಅಂತ ತಿರುಗಿಸುವುದು ಚಂದ ಕಾಣುತ್ತದೆ, ಆದರೆ ಬೇರಿಂಗೂ ಹಾಳು, ರೋಲರ್ ಹಾರಿದರೆ ಕೈಯೂ ಹಾಳು. ರೋಲರಿನ ಮೇಲೆ ಗುಳಿ, ನೀಲಿ ಬಣ್ಣ, ನೀರಿನ ಕಪ್ಪು ಕಲೆ ಕಂಡರೆ ಬದಲಾಯಿಸಿ. ಹಬ್ಬಿನೊಳಗೆ ಕೂತಿರುವ ಕಪ್, ಅಂದರೆ ಬೇರಿಂಗಿನ ಹೊರ ಬಳೆಯನ್ನೂ ಒಟ್ಟಿಗೇ ಬದಲಾಯಿಸಿ. ಹಳೆ ಕಪ್‌ಗೆ ಹೊಸ ಬೇರಿಂಗ್ ಹಾಕಿದರೆ ಹೊಸದೂ ಬೇಗ ಹೋಗುತ್ತದೆ.

ಕಪ್ ಕೈಯಲ್ಲೇ ಹಬ್ಬಿನಿಂದ ಉದುರಿ ಬಿದ್ದರೆ ಹಬ್ ಸವೆದಿದೆ. ಪಂಚಿನಿಂದ ಸುತ್ತ ಚುಕ್ಕೆ ಚುಕ್ಕೆ ಹೊಡೆದು ಬಿಗಿ ಮಾಡುವ ಪದ್ಧತಿ ಇದೆ. ಅದು ಕೆಲವು ದಿನ ಮಾತ್ರ ನಿಲ್ಲುತ್ತದೆ. ಹಬ್ ಬದಲಾಯಿಸಿ.

ಈಗ ಸ್ಪಿಂಡಲ್. ಒರೆಸಿ, ಬೇರಿಂಗ್ ಕೂರುವ ಜಾಗದ ಮೇಲೆ ಉಗುರು ಎಳೆಯಿರಿ. ಮೆಟ್ಟಿಲು ಸಿಕ್ಕಿದರೆ ಸವೆದಿದೆ. ಬೇರಿಂಗನ್ನು ಕೈಯಿಂದ ತೂರಿಸಿದಾಗ ಸರಾಗವಾಗಿ ಹೋಗಬೇಕು, ಆದರೆ ಅಲುಗಬಾರದು. ನೀಲಿ ಕಲೆ, ಉದ್ದ ಗೀರು ಇದ್ದರೆ ಬೇರಿಂಗಿನ ಒಳ ಬಳೆ ಸ್ಪಿಂಡಲಿನ ಮೇಲೇ ತಿರುಗಿದೆ. ಸಣ್ಣ ಗೀರನ್ನು ನುಣ್ಣನೆ ಎಮರಿ ಪೇಪರಿನಲ್ಲಿ ಸರಿ ಮಾಡಬಹುದು. ಮೆಟ್ಟಿಲು ಬಿದ್ದದ್ದು ಎಮರಿಗೆ ಹೋಗುವುದಿಲ್ಲ. ವೆಲ್ಡಿಂಗ್ ತುಂಬಿಸಿ ಅಲ್ಲೇ ಗ್ರೈಂಡರ್ ಹಿಡಿದು ದುಂಡಗೆ ಮಾಡಿಕೊಡುತ್ತೇವೆ ಅನ್ನುವವರಿಗೆ ಗಾಡಿ ಕೊಡಬೇಡಿ. ಕಣ್ಣಳತೆಯಲ್ಲಿ ಸ್ಪಿಂಡಲ್ ಆಗುವುದಿಲ್ಲ. ಸ್ಪಿಂಡಲ್ ಬೇರೆ ಸಿಗುವ ಮಾಡೆಲಾದರೆ ಬದಲಾಯಿಸಿ. ಇಲ್ಲದಿದ್ದರೆ ಎರಡೂ ತುದಿಯನ್ನು ಒಂದೇ ಗೆರೆಗೆ ಹಿಡಿದು ಕೆಲಸ ಮಾಡುವ ದೊಡ್ಡ ಲೇತ್ ವರ್ಕ್‌ಶಾಪಿಗೆ ಹೌಸಿಂಗನ್ನೇ ಒಯ್ಯಿರಿ.

ಆಯಿಲ್ ಸೀಲ್ ಉಜ್ಜುವ ಜಾಗವನ್ನೂ ಬಿಡಬೇಡಿ. ವರ್ಷಗಟ್ಟಲೆ ಉಜ್ಜಿ ಅಲ್ಲಿ ಕಾಲುವೆ ಬಿದ್ದಿರುತ್ತದೆ. ಹೊಸ ಸೀಲಿನ ತುಟಿ ಆ ಕಾಲುವೆಯ ತಳಕ್ಕೆ ಸರಿಯಾಗಿ ಒತ್ತುವುದಿಲ್ಲ. ಸೀಲ್ ಸೋರುವುದಕ್ಕೆ ಬ್ರೀದರ್ ಬಿಟ್ಟರೆ ಇದು ಎರಡನೇ ಕಾರಣ. ಸಡಿಲ ಬೇರಿಂಗ್ ಮೂರನೆಯದು. ಎಣ್ಣೆ ಜಾಸ್ತಿ ತುಂಬಿಸಿದ್ದು ನಾಲ್ಕನೆಯದು.

ಎಣ್ಣೆ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಬೆಂಕಿ ಹಚ್ಚಿ ಮತ್ತೆ ಹಾಕುವುದನ್ನು ನೋಡಿದ್ದೇನೆ. ಹೊರಗೆ ಒಣಗಿದ ಹಾಗೆ ಕಾಣುತ್ತದೆ. ಘಾಟಿ ಇಳಿಯುವಾಗ ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮೇಲೆ ಬರುತ್ತದೆ. ಲೈನರ್ ಬದಲಾಯಿಸಿ, ಎರಡೂ ಬದಿ ಒಟ್ಟಿಗೆ.

7. ಹೌಸಿಂಗ್ ಬೆಂಡ್, ಬಿರುಕು

ಬೆಂಡ್ ನೋಡಲು ಬೇರಿಂಗ್ ಸರಿ ಇರಬೇಕು. ಹಬ್ ಕೂರಿಸಿ, ಅಲುಗಾಟ ತೆಗೆದು, ಚಕ್ರ ಹಾಕಿ, ಎರಡೂ ಬದಿ ಎತ್ತಿ. ಎರಡು ಚಕ್ರಗಳ ರಿಮ್ಮಿನ ಒಳಅಂಚುಗಳ ನಡುವೆ ಆಕ್ಸಲಿನ ಮುಂದೆ ಅಳೆಯಿರಿ, ಅದೇ ಎತ್ತರದಲ್ಲಿ ಹಿಂದೆ ಅಳೆಯಿರಿ. ರಿಮ್ಮೇ ಬೆಂಡಿದ್ದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಚಾಕ್ ಗುರುತು ಹಾಕಿ, ಚಕ್ರ ಅರ್ಧ ಸುತ್ತು ತಿರುಗಿಸಿ, ಅದೇ ಗುರುತಿಗೆ ಇನ್ನೊಮ್ಮೆ. ಮುಂದಿನದಕ್ಕೂ ಹಿಂದಿನದಕ್ಕೂ ವ್ಯತ್ಯಾಸ ಇದ್ದರೆ ಹೌಸಿಂಗ್ ಹಿಂದು ಮುಂದಾಗಿ ಬೆಂಡಾಗಿದೆ. ಮೇಲೆ, ಕೆಳಗೆ ಅಳೆದರೆ ಭಾರಕ್ಕೆ ಜಗ್ಗಿದ್ದು ಗೊತ್ತಾಗುತ್ತದೆ.

ಜಗ್ಗುವುದಕ್ಕೆ ಕಾರಣ ಲೋಡು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟಯರಿನ ಒಂದು ಆಕ್ಸಲ್ ಮೇಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಎರಡು ಆಕ್ಸಲ್ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಾಯಿತು. ನಿಮ್ಮ ಹಳೆ ಲಾರಿಯ ಹೌಸಿಂಗ್ ಮಾಡಿದ್ದು ಅದಕ್ಕಿಂತ ಮೊದಲು. ಕಾಗದದಲ್ಲಿ ಮಿತಿ ಏರಿತು ಅಂತ ಆ ಕಬ್ಬಿಣಕ್ಕೆ ಶಕ್ತಿ ಏರಲಿಲ್ಲ. ಒದ್ದೆ ಹೊಯ್ಗೆ, ಒದ್ದೆ ಮುರಕಲ್ಲು ಹೇರುವಾಗ ನೀರಿನ ಭಾರವೂ ಸೇರುತ್ತದೆ.

ಬಿರುಕು ಹುಡುಕಲು ಹಳೆ ಉಪಾಯ ಒಂದಿದೆ. ಜಾಗವನ್ನು ಚೆನ್ನಾಗಿ ಉಜ್ಜಿ, ಚಿಮಿಣಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಚಾಕ್ ಪುಡಿ ಬಳಿಯಿರಿ. ಬಿರುಕು ಇದ್ದರೆ ಒಳಗೆ ಸೇರಿದ ಎಣ್ಣೆ ಬಿಳಿ ಪುಡಿಯ ಮೇಲೆ ಕಪ್ಪು ಕೂದಲಿನ ಹಾಗೆ ಗೆರೆ ಬಿಡುತ್ತದೆ. ಸ್ಪ್ರಿಂಗ್ ಕೂರುವ ಜಾಗದ ಅಕ್ಕಪಕ್ಕ, ಹಳೆ ವೆಲ್ಡಿಂಗಿನ ಅಂಚು, ಸ್ಪಿಂಡಲ್ ಬುಡ, ಇಷ್ಟು ತಪ್ಪದೆ ನೋಡಿ.

ಬಿರುಕು ಬಿಟ್ಟ, ಬೆಂಡಾದ ಹೌಸಿಂಗಿಗೆ ನನ್ನ ಅಭಿಪ್ರಾಯ ಒಂದೇ, ಬದಲಾಯಿಸಿ. ಸಣ್ಣ ಬಿರುಕಿಗೆ ವೆಲ್ಡಿಂಗ್ ಮಾಡಿಸಲೇಬೇಕಾದರೆ ಅನುಭವಸ್ಥರ ಕೈಯಲ್ಲಿ, ಲೋ ಹೈಡ್ರೋಜನ್ ರಾಡಿನಲ್ಲಿ ಮಾಡಿಸಿ. ನಮ್ಮ ಮಳೆಗಾಲದ ತೇವಕ್ಕೆ ಆ ರಾಡು ನೀರು ಕುಡಿದಿರುತ್ತದೆ. ಓವನ್ನಿನಲ್ಲಿ ಒಣಗಿಸದೆ ಬಳಸಿದರೆ ವೆಲ್ಡಿಂಗ್ ಪಕ್ಕದಲ್ಲೇ ಹೊಸ ಬಿರುಕು. ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಅರ್ತ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಕಚ್ಚಿಸಿ. ಚಾಸಿಗೆ ಕಚ್ಚಿಸಿದರೆ ಕರೆಂಟು ಬೇರಿಂಗಿನ ಮೂಲಕ ಹಾದು ರೋಲರುಗಳನ್ನು ಸುಡುತ್ತದೆ.

8. ಕ್ರೌನ್, ಪಿನಿಯನ್

ಇದನ್ನು ಮನೆಯಲ್ಲಿ ಮಾಡಬೇಡಿ, ಒಳ್ಳೆ ಮೇಸ್ತ್ರಿಗೆ ಕೊಡಿ. ಆದರೆ ನಾಲ್ಕು ವಿಷಯ ಕೇಳಿ ತಿಳಿಯಿರಿ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು, ಅವು ಒಟ್ಟಿಗೆ ಉಜ್ಜಿ ಕೂಡಿಸಿದವು. ಬೇರಿಂಗ್ ಕ್ಯಾಪ್ ಬಿಚ್ಚುವ ಮೊದಲು ಎಡ ಬಲ ಗುರುತು ಹಾಕಿರಬೇಕು, ಅದಲು ಬದಲಾದರೆ ಬೇರಿಂಗ್ ಸರಿ ಕೂರುವುದಿಲ್ಲ. ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶನ್ನು, ಕೈ ಅಂದಾಜಿನಲ್ಲಿ ಅಲ್ಲ, ಡಯಲ್ ಗೇಜ್ ಇಟ್ಟು ನೋಡಿರಬೇಕು. ಕೊನೆಗೆ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಎಲ್ಲಿ ತಾಗುತ್ತದೆ ಅಂತ ನಿಮಗೆ ತೋರಿಸಲಿ. ಗುರುತು ಹಲ್ಲಿನ ತುದಿಗೋ ಬುಡಕ್ಕೋ ಅಂಚಿಗೋ ಬಿದ್ದಿರಬಾರದು, ಹಲ್ಲಿನ ಮೈ ಮೇಲೆ ಬಿದ್ದಿರಬೇಕು.

9. ಸಾಮಾನು ತರುವುದು

ಹಳೆ ಶಾಫ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಉದ್ದ, ಸ್ಪ್ಲೈನಿನ ಹಲ್ಲಿನ ಲೆಕ್ಕ, ಫ್ಲೇಂಜಿನ ತೂತು, ಮೂರೂ ಸೇರಬೇಕು. ಎಡ ಬಲ ಉದ್ದ ಬೇರೆ ಇರಬಹುದು. ಬೇರಿಂಗಿಗೆ ಅದರ ಮೇಲಿನ ನಂಬರೇ ಹೆಸರು, ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಗುಜರಿಯಿಂದ ಹೌಸಿಂಗ್, ಹಬ್ ತರುವುದು ತಪ್ಪಲ್ಲ, ಚಾಕ್ ಪುಡಿಯ ಪರೀಕ್ಷೆ ಮಾಡಿ ತನ್ನಿ. ಶಾಫ್ಟ್ ಮತ್ತು ಬೇರಿಂಗ್ ಮಾತ್ರ ಹಳೆಯದು ಬೇಡ. ಅವು ಎಷ್ಟು ದುಡಿದಿವೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

10. ಜೋಡಿಸುವುದು

ಗ್ರೀಸನ್ನು ಅಂಗೈಯಲ್ಲಿ ಇಟ್ಟು, ಬೇರಿಂಗಿನ ಅಗಲ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ತುಂಬಿ. ಇನ್ನೊಂದು ಬದಿಯಿಂದ ಗ್ರೀಸ್ ಎದ್ದು ಬರುವವರೆಗೆ ಬಿಡಬೇಡಿ. ಮೇಲಿಂದ ಬಳಿದರೆ ರೋಲರಿನ ಒಳಗೆ ಹೋಗುವುದಿಲ್ಲ. ಸೀಲನ್ನು ಸುತ್ತಿಗೆಯಿಂದ ಮೂಲೆಗೆ ಹೊಡೆಯದೆ, ಅಗಲದ ಬಳೆ ಇಟ್ಟು ಸಮವಾಗಿ ಕೂರಿಸಿ. ತುಟಿಗೆ ಸ್ವಲ್ಪ ಗ್ರೀಸ್ ಹಚ್ಚಿ.

ಹಬ್ ನಟ್ಟಿನ ಬಿಗಿ ಇಡೀ ಕೆಲಸದ ಜೀವ. ಒಂದು ಕೈಯಲ್ಲಿ ಹಬ್ ತಿರುಗಿಸುತ್ತಲೇ ಇನ್ನೊಂದು ಕೈಯಲ್ಲಿ ನಟ್ಟು ಬಿಗಿಮಾಡಿ, ಹಬ್ ಭಾರ ಆಗುವವರೆಗೆ. ತಿರುಗಿಸದೆ ಬಿಗಿಮಾಡಿದರೆ ರೋಲರುಗಳು ಸರಿಯಾಗಿ ಕೂರುವುದಿಲ್ಲ, ಆಮೇಲೆ ಸಡಿಲವಾಗುತ್ತದೆ. ಈಗ ಮ್ಯಾನ್ಯುಯಲ್ ಹೇಳಿದಷ್ಟು ಹಿಂದಕ್ಕೆ ಬಿಡಿ. ಸಾಮಾನ್ಯವಾಗಿ ಒಂದು ಸುತ್ತಿನ ಆರನೇ ಒಂದರಿಂದ ನಾಲ್ಕನೇ ಒಂದು ಭಾಗ. ಲಾಕ್ ಹಾಕಿ, ಹೊರನಟ್ಟು ಬಿಗಿಮಾಡಿ. ಆಮೇಲೆ ಡಯಲ್ ಗೇಜ್ ಇಟ್ಟು ಹಬ್ಬನ್ನು ಒಳಗೆ ಹೊರಗೆ ಎಳೆಯಿರಿ. ದೊಡ್ಡ ಲಾರಿಗಳಲ್ಲಿ 0.025ರಿಂದ 0.125 ಮಿಲಿಮೀಟರ್ ಒಳಗೆ ಅಲುಗಾಟ ಇದ್ದರೆ ಸರಿ. ಹೊರನಟ್ಟು ಬಿಗಿಮಾಡಿದಾಗ ಅದು ಒಳಗಿನದ್ದನ್ನೂ ಚೂರು ಒತ್ತುತ್ತದೆ. ಅದಕ್ಕೇ ಕೊನೆಗೆ ಇನ್ನೊಮ್ಮೆ ನೋಡಬೇಕು. ಲಾಕ್ ವಾಷರ್ ಹೊಸದೇ ಇರಲಿ.

ಯು ಬೋಲ್ಟ್ ಬಿಚ್ಚಿದ್ದರೆ ಹಳೆಯದನ್ನು ಮತ್ತೆ ಹಾಕಬೇಡಿ, ಒಮ್ಮೆ ಎಳೆದ ಬೋಲ್ಟು ಮೊದಲಿನಷ್ಟು ಹಿಡಿಯುವುದಿಲ್ಲ. ನಾಲ್ಕು ನಟ್ಟನ್ನೂ ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಚಕ್ರ ನೆಲಕ್ಕೆ ಕೂತ ಮೇಲೆ ಕೊನೆಯ ಟಾರ್ಕ್.

11. ಎಣ್ಣೆ ಮತ್ತು ಮೊದಲ ಓಟ

ಗೇರ್ ಎಣ್ಣೆ ಇಪಿ 90 ಹಾಕಬೇಕಾ, ಅದಕ್ಕಿಂತ ದಪ್ಪದ 140 ಹಾಕಬೇಕಾ ಅಂತ ಮ್ಯಾನ್ಯುಯಲ್ ನೋಡಿ. ಶಬ್ದ ಕಡಿಮೆ ಆಗಲಿ ಅಂತ ದಪ್ಪ ಎಣ್ಣೆ ಹಾಕಿದರೆ ಸವೆತ ಮುಚ್ಚಿಹೋಗುತ್ತದೆ, ನಿಲ್ಲುವುದಿಲ್ಲ. ಗಾಡಿ ಸಮತಟ್ಟಾಗಿ ನಿಂತಿರುವಾಗ ಲೆವೆಲ್ ತೂತಿನ ಅಂಚಿಗೆ ಎಣ್ಣೆ ಬಂದು ತೊಟ್ಟಿಕ್ಕುವವರೆಗೆ ತುಂಬಿ. ಅದಕ್ಕಿಂತ ಜಾಸ್ತಿ ಬೇಡ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಕೊಳವೆಗಳಿಗೆ ಹರಿದು ಲೆವೆಲ್ ಇಳಿದಿರುತ್ತದೆ. ತೊಳೆದ ಬ್ರೀದರ್ ಹಾಕಿದಿರಾ?

8 ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ವರ್ಷಕ್ಕೊಮ್ಮೆ ಬರುತ್ತದೆ. ಈ ಕೆಲಸವನ್ನು ಅದಕ್ಕೆ ಒಂದೆರಡು ವಾರ ಮೊದಲು ಇಟ್ಟುಕೊಳ್ಳಿ, ಸೋರಿಕೆ ಇದ್ದರೆ ಅಷ್ಟರಲ್ಲಿ ಕಾಣುತ್ತದೆ.

ಮೊದಲ ಓಟ ಖಾಲಿ ಗಾಡಿಯಲ್ಲಿ. ಮಂಗಳೂರಿನಿಂದ ಬಿ.ಸಿ. ರೋಡಿನವರೆಗೆ ಹೋದರೆ ಸಾಕು, ಉಡುಪಿಯವರು ಹೆದ್ದಾರಿಯಲ್ಲಿ ಕಾಪುವಿನವರೆಗೆ ಹೋಗಿ ಬನ್ನಿ. ಬ್ರೇಕ್ ಜಾಸ್ತಿ ತುಳಿಯದೆ ಹೋಗಿ, ನಿಲ್ಲಿಸಿ, ಎರಡೂ ಹಬ್ಬಿಗೆ ಕೈಯ ಹಿಂಬದಿ ಹತ್ತಿರ ತನ್ನಿ. ಎರಡೂ ಒಂದೇ ತರಹ ಬೆಚ್ಚಗಿರಬೇಕು. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ನಟ್ಟು ಬಿಗಿ ಜಾಸ್ತಿ ಅಥವಾ ಬ್ರೇಕ್ ಹಿಡಿದಿದೆ. ವಾಪಸ್ ಬಂದು ಚಕ್ರದ ನಟ್ಟು, ಯು ಬೋಲ್ಟ್, ಫ್ಲೇಂಜ್ ನಟ್ಟು ಮತ್ತೆ ಬಿಗಿ ನೋಡಿ. ಮೊದಲ ಲೋಡಿನಲ್ಲಿ ಶಿರಾಡಿ ಘಾಟಿಗೆ ಹೋಗುವಾಗ ಅದರ ಬುಡದ ಗುಂಡ್ಯದಲ್ಲಿ ಐದು ನಿಮಿಷ ನಿಲ್ಲಿಸಿ, ಡ್ರಮ್ಮಿನ ಹಿಂದೆ ಟಾರ್ಚ್ ಹಾಕಿ ನೋಡಿ. ಒಣಗಿದ್ದರೆ ಹತ್ತಿ. ಎಣ್ಣೆಯ ಹನಿ ಕಂಡರೆ ಅಲ್ಲಿಂದಲೇ ಹಿಂದೆ ತಿರುಗಿಸಿ.